ಕೊರೆಯುವ ಕೈ

ಹದಿನೇಳು ವರ್ಷ ಗ್ಯಾರೇಜಿನಲ್ಲಿ ಎಂಜಿನ್ನಿನ ಸಿಲಿಂಡರ್ ಹೆಡ್ ಸೀಮೆಎಣ್ಣೆಯಲ್ಲಿ ತೊಳೆದವಳನ್ನು, ಮೇಸ್ತ್ರಿ ಊಟಕ್ಕೆ ಹೋದಾಗ ಕೊರೆಯುವ ಗ್ರೈಂಡರ್ ಮುಟ್ಟಿದಳೆಂದು ಕೆಲಸದಿಂದ ತೆಗೆದರು. ಅವಳು ಸವೆಸಿದ್ದು ಹೆಡ್ಡಿನೊಳಗೆ ಎರಕದಲ್ಲಿ ಉಳಿದ ಒಂದೇ ಒಂದು ಗಂಟು. ಅದರಲ್ಲಿ ತಪ್ಪು ಸಿಗಲಿಲ್ಲ. ಆ ಹೆಡ್ಡು ಮೇಸ್ತ್ರಿಯ ಕೆಲಸವೆಂದೇ ಗಿರಾಕಿಯ ಕೈ ಸೇರಿತು.

"ತೊಳೆಯೋ ಕೈ ಬೇರೆ, ಕೊರೆಯೋ ಕೈ ಬೇರೆ" ಎಂದಿದ್ದ ಮೇಸ್ತ್ರಿ. ಆ ಮಾತು ಮೈಗಂಟಿದ ಸೀಮೆಎಣ್ಣೆ ವಾಸನೆಯ ಹಾಗೆ ಅವಳ ಜೊತೆ ಮನೆಗೂ ಬಂತು. ಗ್ಯಾರೇಜಿನಲ್ಲಿ ಅವಳನ್ನು ಕರೆಯುತ್ತಿದ್ದುದೂ ಸೀಮೆಎಣ್ಣೆ ಎಂದೇ.

ಮರುವಾರ ಅವಳು ಗಂಡನ ಹಳೇ ಬೈಕಿನ ಹೆಡ್ಡು ಬಿಚ್ಚಿದಳು. ಮೇಸ್ತ್ರಿಯ ಮಾತು ನಿಜವೋ ಸುಳ್ಳೋ, ಅವಳಿಗೆ ತಿಳಿಯಲೇಬೇಕಿತ್ತು. ಗಂಡ ದರ್ಜಿ, ಬಟ್ಟೆ ಕತ್ತರಿಸುವ ಮೇಜಿನ ಅರ್ಧವನ್ನು ಹೆಡ್ಡಿಗೆ ಬಿಟ್ಟುಕೊಟ್ಟ.

"ಬೈಕಿನ ತಲೆ ತೆಗೆದಾಯ್ತು. ಇನ್ನು ನನ್ನದೊಂದು ಬಾಕಿ."

"ನಿಮ್ಮದರಲ್ಲಿ ಗಾಳಿ ಚೆನ್ನಾಗೇ ಆಡ್ತಿದೆ. ಕೊರೆಯೋದೇನೂ ಬೇಡ."

ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು. ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಹಾವಿನದು.

ಹೆಡ್ಡಿನಲ್ಲಿ ಎರಡು ದಾರಿ. ಪೆಟ್ರೋಲು ಬೆರೆತ ಗಾಳಿ ಒಳಗೆ ಬರಲು ಒಂದು, ಹೊಗೆ ಹೊರಗೆ ಹೋಗಲು ಇನ್ನೊಂದು. ಎರಡರಲ್ಲೂ ಗಾಳಿಯ ಓಟ ತಡೆಯುವ ಎರಕದ ಗಂಟುಗಳು. ದಾರಿಯ ಬಾಯಿಗೆ ಅಳತೆಯಾಗಿ ಅದರ ಗ್ಯಾಸ್ಕೆಟ್ ಬಿಲ್ಲೆ ಇಟ್ಟು, ದರ್ಜಿಯ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದಳು. ಬಾಡಿಗೆಗೆ ತಂದ ಗ್ರೈಂಡರಿನ ಕೊರೆಯುವ ಹಲ್ಲಿಗೆ ಅಲ್ಯೂಮಿನಿಯಂ ಅಂಟದಂತೆ, ಗಂಡ ದಾರಕ್ಕೆ ಸವರುವ ಮೇಣವನ್ನೇ ಸವರಿದಳು. ವಾಲ್ವ್ ಕೂರುವ ಉಂಗುರಕ್ಕೆ ಗಾಯವಾದರೆ ಹೆಡ್ಡೇ ಹೋದಂತೆ. ಅಲ್ಲಿ ಹಳೇ ವಾಲ್ವನ್ನೇ ಕಾವಲಿಗೆ ಕೂರಿಸಿದಳು.

"ಗೆರೆ ದಾಟಬೇಡ" ಎಂದ ಗಂಡ. "ಕಮ್ಮಿ ಕತ್ತರಿಸಿದ್ರೆ ಇನ್ನೊಂದ್ಸಲ ಕತ್ತರಿಸಬಹುದು. ಜಾಸ್ತಿ ಕತ್ತರಿಸಿದ್ರೆ ಗಿರಾಕೀನೇ ಸಣ್ಣ ಆಗ್ಬೇಕು."

ಡೊಂಕಿನೊಳಕ್ಕೆ ಕಣ್ಣು ಹೋಗದು, ಬೆರಳು ಹೋಗುತ್ತದೆ. ಹದಿನೇಳು ವರ್ಷ ಅಂಥ ಡೊಂಕುಗಳಲ್ಲೇ ಮಸಿ ಕೆರೆದ ಬೆರಳು ಅದು. ಇಲ್ಲಿ ಉಬ್ಬು, ಇಲ್ಲಿ ತಗ್ಗು, ಇಲ್ಲಿ ಸಾಕು ಎಂದು ಅದೇ ಹೇಳಿತು. ನಾಲ್ಕು ದಿನಕ್ಕೆ ಗಂಟುಗಳು ಕರಗಿದವು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತೊಳೆಯುವವಳ ಕೈ! ಹೊಳೆಯದಿದ್ದರೆ ಬೈಗುಳ ತಿಂದ ಕೈ. ಇನ್ನೂ ಎರಡು ದಿನ ಉಜ್ಜಿ ಉಜ್ಜಿ, ಎರಡು ದಾರಿಗಳನ್ನೂ ಕನ್ನಡಿ ಮಾಡಿಟ್ಟಳು.

ಹೆಡ್ಡು ಜೋಡಿಸಿಕೊಂಡು ಹೊರಟ ಬೈಕು ಬೀದಿಯ ಕೊನೆಯ ಏರಿನಲ್ಲಿ ಕೆಮ್ಮಿ, ಮುಗ್ಗರಿಸಿ, ಸುಮ್ಮನಾಯಿತು. ಗಂಡ ತಳ್ಳಿಕೊಂಡು ಬಂದ. ಬೆವರು ಒರೆಸಿಕೊಂಡು, ಸ್ಪ್ಯಾನರನ್ನು ಅವಳ ಕೈಗಿಟ್ಟ. ಅವಳು ಹೆಡ್ಡನ್ನು ಮತ್ತೆ ಬಿಚ್ಚಿದಳು.

"ಮೇಸ್ತ್ರಿ ಹೇಳಿದ್ದೇ ನಿಜ ಬಿಡಿ."

"ಕೊಡಿಲ್ಲಿ" ಎಂದು ಅತ್ತೆ ಹೆಡ್ಡನ್ನು ಮಡಿಲಿಗೆ ಎಳೆದುಕೊಂಡು, ಒಳಬರುವ ದಾರಿಗೆ ಬೆರಳಿಟ್ಟರು. "ಅಯ್ಯೋ ನಮ್ಮಮ್ಮ, ಇಷ್ಟು ನುಣುಪಿನಲ್ಲಿ ಯಾರು ನಿಲ್ತಾರೆ? ನೀನು ಬಚ್ಚಲು ಉಜ್ಜಿದ ದಿನ ನಾನು ಜಾರಿ ಬಿದ್ದಿದ್ದು ಮರೆತ್ಯಾ?"

ಅವಳು ಹೊಸ ಸೊಸೆಯಂತೆ ನಾಚಿಕೊಂಡಳು. ಮರುಕ್ಷಣ ತಲೆ ಎತ್ತಿದಳು. ತಾನು ತೊಳೆದ ಹೆಡ್ಡುಗಳಲ್ಲಿ ಚೆನ್ನಾಗಿ ಓಡುತ್ತಿದ್ದವುಗಳ ಒಳದಾರಿ ಎಂದೂ ಹೊಳೆಯುತ್ತಿರಲಿಲ್ಲ. ಅದು ಒರಟು. ಕೊಳೆಯೆಂದು ಅದನ್ನೆಷ್ಟು ಶಪಿಸಿದ್ದಳು! ನುಣುಪು ಗೋಡೆಯ ಮೇಲೆ ಪೆಟ್ರೋಲು ಗಾಳಿಗೆ ಬೆರೆಯದೆ ಹನಿಗೂಡಿ ಜಾರುತ್ತದೆ. ಹೊಗೆಯ ದಾರಿ ಬೇಕಾದರೆ ಹೊಳೆಯಲಿ. ಗಾಳಿ ಒಳಬರುವ ಈ ದಾರಿ ಒರಟಾಗಿಯೇ ಇರಬೇಕು. ಬೆರಳಿಗೆ ದಪ್ಪ ಉಪ್ಪುಕಾಗದ ಸುತ್ತಿ, ತನ್ನ ಎರಡು ದಿನದ ಹೊಳಪನ್ನು ತಾನೇ ಕೆಡಿಸಿದಳು.

ಈ ಸಲ ಬೈಕು ಏರನ್ನು ಹತ್ತಿತು. ಹಿಂದೆ ಅತ್ತೆ ಕೂತಿದ್ದರು, "ನಿಧಾನ ಕಣೋ, ನನಗೆ ಮೊಮ್ಮಕ್ಕಳನ್ನ ನೋಡೋದಿದೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ. ಏರಿನ ತುದಿಯಲ್ಲೇ ಗ್ಯಾರೇಜು. ಮೇಸ್ತ್ರಿ ನೋಡಿದ, ಗ್ಯಾರೇಜಿನ ಯಜಮಾನರೂ ನೋಡಿದರು.

ಭಾನುವಾರ ಬೆಳಗ್ಗೆ ಯಜಮಾನರು ಗೋಣಿಚೀಲದಲ್ಲಿ ಒಂದು ಹೆಡ್ಡು ಸುತ್ತಿಕೊಂಡು ಮನೆಗೇ ಬಂದರು.

"ಆಗಿದ್ದು ಆಗ್ಹೋಯ್ತು. ನಾಳೆಯಿಂದ ಬಾ. ಹಿಂದಿನ ರೂಮಲ್ಲಿ ಕೂತು ಕೊರಿ. ಹೊರಗಡೆ ಮೇಸ್ತ್ರಿ ಕೆಲಸ ಅಂತಾನೇ ಇರ್ಲಿ, ಗಿರಾಕಿಗಳಿಗೆ ಅದೇ ರೂಢಿ. ಇದನ್ನ ಕನ್ನಡಿ ಥರ ಹೊಳೆಸಿಡು. ಬಿಚ್ಚಿ ನೋಡಿದ್ರೆ ಮುಖ ಕಾಣ್ಬೇಕು."

ಅವಳು ದಾರಿಯೊಳಗೆ ಬೆರಳಿಟ್ಟಳು. ಗಂಟುಗಳು ಇದ್ದವು, ಕೈ ತುರಿಸಿತು. ಗಂಡನ ಕತ್ತರಿಯ ಸದ್ದು ನಿಂತಿತ್ತು.

"ಯಾರ ಮುಖ ಕಾಣ್ಬೇಕು, ಮೇಸ್ತ್ರೀದಾ?" ಎಂದರು ಮೂಲೆಯಿಂದ ಅತ್ತೆ.

ಯಜಮಾನರು ಆ ಕಡೆ ನೋಡಲಿಲ್ಲ. "ಹೇಳಿದಷ್ಟು ಮಾಡು, ಸೀಮೆಎಣ್ಣೆ."

ಅವಳು ಹೆಡ್ಡನ್ನು ಕೂಸಿನಂತೆ ಜೋಪಾನವಾಗಿ ಮತ್ತೆ ಗೋಣಿಯಲ್ಲಿ ಸುತ್ತಿ, ಅವರ ಕೈಗಿಟ್ಟಳು.

"ಒಳಗೆ ಬರೋ ದಾರಿ ಹೊಳೆಸಬಾರದು. ಹಿಂದಿನ ರೂಮಿಗೂ ನಾನು ಬರಲ್ಲ."