ಬಾಟ್ಲಿಯ ಮೇಲಿನ ಹೆಸರು

ನಾಳೆ ಅರಳುವ ಮೊಗ್ಗು ಇದೇ, ತುದಿ ಆಗಲೇ ಹಳದಿಗಟ್ಟಿದೆ, ದುರಗವ್ವನ ಉಗುರು ತಾನಾಗಿ ಅದರ ಬುಡಕ್ಕೆ ಹೋಯಿತು, ಸುತ್ತಲೂ ಗೆರೆ ಕೊಯ್ದು ತಿರುವಿದರೆ ಗಂಡುಕೇಸರ ಒಮ್ಮೆಲೇ ಕಿತ್ತು ಬರುತ್ತದೆ, ಕಾಯಿಗಟ್ಟುವ ನಡುವಿನ ಕಡ್ಡಿಗೆ ಪೆಟ್ಟಾಗಬಾರದು — ಶಲವಡಿಯ ಈ ಮಿಶ್ರತಳಿ ಬೀಜದ ಹತ್ತಿ ಹೊಲದಲ್ಲಿ ಅವ್ವ ಸಾವಕ್ಕ ಕಲಿಸಿದ ಕೈ ಇದು, ಈ ಕೈ ನೋಡಿಯೇ ಧಾರವಾಡದ ಕಾಲೇಜಿನಲ್ಲಿ ಗೈಡ್ ಸರ್ ಎಮ್ಮೆಸ್ಸಿಗೆ ತಮ್ಮ ಹತ್ತಿರ ಇಟ್ಟುಕೊಂಡದ್ದು, ನಿನ್ನ ಬೆರಳು ನಡಗೂದಿಲ್ಲವಾ, ಇಂಥವ್ರ ಬೇಕು ಹೊರದೇಶದವ್ರಿಗೆ ಎಂದಿದ್ದರು. ಬಾಜು ಸಾಲಿನ ಮಲ್ಲಕ್ಕ ನಗುತ್ತಾಳೆ, ಏನಬೇ ದುರಗಿ, ಇಮಾನದಾಗ ರೊಟ್ಟಿ ಕೊಡ್ತಾರನ, ಕಟಗೊಂಡ ಹೋಗಬೇಕ? ಮೊನ್ನೆ ಆದದ್ದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಬೇಕು, ಇವತ್ತೇ, ಈ ಸಾಲು ಮುಗಿಯಲಿ. ಕಾಲೇಜಿನ ಲ್ಯಾಬಿನಲ್ಲಿ ಎರಡು ವರ್ಷ, ಹೂಗಿಡದ ಎಲೆಯ ತುಣುಕನ್ನು ಬಾಟ್ಲಿಯೊಳಗೆ ಇಟ್ಟು ಸಸಿ ಎಬ್ಬಿಸಿದ್ದು, ಬೂಸು ಹಿಡಿದದ್ದನ್ನು ಚೆಲ್ಲಿ ಮತ್ತೆ ಇಟ್ಟದ್ದು, ಮುನ್ನೂರು ಬಾಟ್ಲಿ, ಹಾಲೆಂಡಿನ ಹೂವಿನ ಕಂಪನಿಯವರು ಬರುತ್ತಾರೆ, ಒಬ್ಬರನ್ನು ಕಲಿಯಲಿಕ್ಕೆ ಕರೆದೊಯ್ಯುತ್ತಾರೆ, ಬಾಟ್ಲಿಗೆ ಅಂಟಿಸುವ ಚೀಟಿ ಚೆಂದ ಇರಬೇಕು, ಬರೆದವರು ಕೆಳಗೆ ಹೆಸರು ಹಾಕಬೇಕು, ಅದು ಸರ್ ಹಾಕಿದ ಶಿಸ್ತು. ತನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಅಣ್ಣಿಗೇರಿಯ ಕಾಳಿನ ವ್ಯಾಪಾರಿ ಶಂಕ್ರಪ್ಪನವರ ಮಗಳು ಶಿವಗಂಗಾ, ಹಾಸ್ಟೆಲಿನ ಒಂದೇ ಖೋಲಿಯ ಗೆಳತಿ, ಅವಳದು ಮುತ್ತು ಪೋಣಿಸಿದಂಥದ್ದು, ನೀನ ಬರಿ ಮಾರಾಯ್ತಿ ಎಂದು ತಾನೇ ಪೆನ್ನು ಕೊಟ್ಟದ್ದು. ನನ್ನ ಹೆಸರ ಬೀಳತದಲ್ಲ, ಅವಳೇ ಕೇಳಿದ್ದಳು. ಬೀಳ್ಲಿ ತಗೋ, ಮಾಡಿದಾಕಿ ನಾನ ಅಂತ ಸರ್‌ಗೆ ಗೊತ್ತದ. ಸರ್‌ಗೆ ಗೊತ್ತಿತ್ತು, ದಿನಾ ಬಂದು ನೋಡಿದವರು. ಮೊಗ್ಗು ತಿರುವುತ್ತಿದ್ದ ದುರಗವ್ವನ ಬೆರಳು ತಪ್ಪಿತು, ಕಡ್ಡಿ ಮುರಿಯಿತು. ಯಾಕವಾ, ಲಕ್ಷ್ಯ ಎಲ್ಲದ, ಅವ್ವ ಕೇಳುತ್ತಾಳೆ. ಇಲ್ಲೇ ಅದ ಬೇ. ಇಲ್ಲಿಲ್ಲ, ಮೊನ್ನೆ ಲ್ಯಾಬಿನ ಆ ಬಿಳಿ ಕೋಣೆಯಲ್ಲಿದೆ, ಕಂಪನಿಯಿಂದ ಬಂದವರು ಬಾಟ್ಲಿ ಎತ್ತಿ ಚೀಟಿ ಓದಿ, ಇದನ್ನು ಮಾಡಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಸರ್ ತನ್ನ ಕಡೆ ಒಮ್ಮೆ ನೋಡುತ್ತಾರೆ, ಹೌದು ನೋಡಿದರು, ನೋಡಿ ಇದರಲ್ಲೇ ಹೆಸರಿದೆಯಲ್ಲ ಎಂದರು, ಆಮೇಲೆ ಬಾಗಿಲ ಹಿಂದೆ ಮೆತ್ತಗೆ, ಬ್ಯಾಸರ ಮಾಡ್ಕೋಬ್ಯಾಡ, ಶಿವಗಂಗಾ ಹೋಗ್ಲಿ, ಆಕಿಗೆ ಮಾತಾಡಾಕ ಬರತೈತಿ, ನೀ ಹೋದ್ರ ನನ್ನ ಬಾಟ್ಲಿ ಯಾರ ನೋಡಬೇಕು. ಸರ್ ಇರಲಿ, ಸರ್ ಬೇರೆಯವರು. ಆದರೆ ಶಿವಗಂಗಾ — ಅವಳು ಬಾಯಿ ತೆರೆದಿದ್ದರೆ ಸಾಕಿತ್ತು, ನಾನಲ್ಲರಿ ಅನ್ನಲಿಕ್ಕೆ ಎಷ್ಟು ಹೊತ್ತು, ಅವಳು ನೆಲ ನೋಡಿದಳು, ಸೆರಗು ಸರಿಮಾಡಿಕೊಂಡಳು, ಒಂದು ಹೆಜ್ಜೆ ಮುಂದೆ ಬಂದಳು, ಹೇಳವಾ ಇಮಾನದಾಗ ಯಾವಾಗ ಹೊಂಡೂದು ಎನ್ನುತ್ತಿದ್ದಾಳೆ ಅವ್ವ, ಸೆರಗು ಸರಿಮಾಡಿಕೊಂಡಳು, ಒಂದು ಹೆಜ್ಜೆ, ಸೆರಗು ಸರಿಮಾಡಿಕೊಂಡು ಒಂದೇ ಹೆಜ್ಜೆ —