ಚೆನ್ನಾಗಿದೆ ಅಂದವಳ ಮನೆಗೆ ಗಾಡಿ ಬರಲಿಲ್ಲ

ಬುಧವಾರ ಬೆಳಿಗ್ಗೆ ಆರೂವರೆಗೆಲ್ಲ ಅವಳ ಗಂಡ ಗರಿಗರಿಯಾದ ಅಂಗಿ ತೊಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಏಳಕ್ಕೆ ಆಸ್ಪತ್ರೆಯ ಗಾಡಿ ಬರಬೇಕಿತ್ತು. ಅವನ ಕಿಡ್ನಿ ಕೈಕೊಟ್ಟು ಎರಡು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್; ಮೈಯ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೂ ಕಾಲು ಊದುತ್ತದೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಏಳಾಯಿತು, ಏಳೂವರೆಯಾಯಿತು. ಗಾಡಿಯ ಸುಳಿವೇ ಇಲ್ಲ.

ಆಸ್ಪತ್ರೆಗೆ ಫೋನು ಮಾಡಿದರೆ, ನಿಮ್ಮ ಹೆಸರಿನಲ್ಲಿ ಗಾಡಿಯೇ ಬುಕ್ ಆಗಿಲ್ಲವಲ್ಲ ಅಂದರು. ಆ ತಿಂಗಳಲ್ಲಿ ಇದು ಎರಡನೇ ಸಲ. ಬಾಡಿಗೆ ಗಾಡಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನ ಯಂತ್ರದ ಹಾಸಿಗೆಯಲ್ಲಿ ಬೇರೊಬ್ಬರನ್ನು ಮಲಗಿಸಿಯಾಗಿತ್ತು. ಸಂಜೆ ಯಂತ್ರ ಖಾಲಿಯಾಗುವವರೆಗೆ ಬೆಂಚಿನ ಮೇಲೆ ಕಾದರು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಮೂರನೇ ಸಲ ಹೀಗಾದರೆ ಜೀವಕ್ಕೇ ಕುತ್ತು ಬರಬಹುದು ಎಂದು ಮೆಲ್ಲಗೆ ಹೇಳಿದರು.

ಅವಳನ್ನು ಬೀದಿಯವರೆಲ್ಲ ಇಸ್ತ್ರಿಯಕ್ಕ ಅನ್ನುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಾಡಿ ಬುಕ್ ಮಾಡುವ ಆಸ್ಪತ್ರೆಯ ಆ್ಯಪನ್ನು ಮೊದಲು ಅವಳ ನಾದಿನಿ ನೋಡಿಕೊಳ್ಳುತ್ತಿದ್ದಳು. ಬೇಕರಿಯಲ್ಲಿ ಪಾಳಿ ಬದಲಾಗಿ ನಾದಿನಿಗೆ ಪುರುಸೊತ್ತು ಸಿಗದಿದ್ದಾಗ ಎರಡು ಸಲ ಇವಳೇ ಬುಕ್ ಮಾಡಿದಳು. ಆ ಎರಡು ಸಲವೂ ಗಾಡಿ ಬರಲಿಲ್ಲ.

ಏನಾಯಿತು ಎಂದು ಕೇಳಿದವರಿಗೆಲ್ಲ ಎರಡು ಸಲವೂ ಮರೆತೆ ಅಂದುಬಿಟ್ಟಳು. ಮರೆತಿರಲಿಲ್ಲ. ಮಂಗಳವಾರ ಮಧ್ಯಾಹ್ನ ದಿನ, ಹೊತ್ತು ಎಲ್ಲ ಒತ್ತಿದ್ದು ಚೆನ್ನಾಗಿ ನೆನಪಿತ್ತು. ಆದರೆ ಮೊಬೈಲಿನ ಎದುರು ತನ್ನ ಮಾತು ಯಾರು ನಂಬುತ್ತಾರೆ? ತನ್ನ ತಲೆಯೇ ಕೆಟ್ಟಿರಬೇಕು ಅಂದುಕೊಂಡಳು. ಗಂಡ ಒಂದೇ ಮಾತು ಅಂದ.

"ಬೀದಿಯವರ ಪ್ಯಾಂಟಿನ ಗೆರೆ ಎಲ್ಲ ನೆನಪಿರುತ್ತೆ. ನಾನು ಆಸ್ಪತ್ರೆಗೆ ಹೋಗೋ ದಿನ ನೆನಪಿರಲ್ಲ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟಳು, ಅಷ್ಟೆ.

ಗುರುವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್ಕು. ಆ್ಯಪ್ ಮಾಡಿದವರ ಕಡೆಯವಳು. ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸವಂತೆ. ಗಂಡನಿಗೆ ಅದು ಹಿಡಿಸಲಿಲ್ಲ. ಮೂರು ತಿಂಗಳ ಹಿಂದೆಯೂ ಒಬ್ಬರು ಫಾರಂ ಹಿಡಿದುಕೊಂಡು ಬಂದಿದ್ದರು, ಬರೆದುಕೊಂಡು ಹೋದರು, ಏನು ಬದಲಾಯಿತು ಎಂದು ಕೂತಲ್ಲಿಂದಲೇ ಕೇಳಿದ.

ಬಂದವಳು ಬೇಸರ ಮಾಡಿಕೊಳ್ಳಲಿಲ್ಲ. ಆ ಫಾರಂನಲ್ಲಿ ಏನು ಹೇಳಿದ್ದಿರಿ ಎಂದು ಇಸ್ತ್ರಿಯಕ್ಕನನ್ನು ಕೇಳಿದಳು. ತುಂಬಾ ಚೆನ್ನಾಗಿದೆ ಅಂದಿದ್ದೆ ಅಂದಳು ಇವಳು. ಆಗ ಆ್ಯಪನ್ನು ತೆರೆದೂ ನೋಡಿರಲಿಲ್ಲ. ಬಿಸಿಲಲ್ಲಿ ಬಾಗಿಲಿಗೆ ಬಂದವರ ಮುಖ ಸಪ್ಪೆ ಮಾಡಿ ಯಾಕೆ ಕಳಿಸುವುದು ಎಂದು ಹಾಗೆ ಹೇಳಿದ್ದಳು.

"ನಾನು ಅಭಿಪ್ರಾಯ ಕೇಳೋಕೆ ಬಂದಿಲ್ಲ ಅಕ್ಕ. ನಾಳೆಗೆ ಗಾಡಿ ಬೇಕಲ್ಲ, ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಸುಮ್ನೆ ನಿಂತು ನೋಡ್ತೀನಿ."

ಇಸ್ತ್ರಿಯಕ್ಕ ಮೊಬೈಲು ಮುಟ್ಟಲಿಲ್ಲ. ನಾದಿನಿ ಬರಲಿ, ಅವಳಿಗೆ ಇದೆಲ್ಲ ಚೆನ್ನಾಗಿ ಬರುತ್ತದೆ ಅಂದಳು.

"ನಾದಿನಿಗೆ ಬರುತ್ತೆ ಅಂತ ನಮಗೂ ಗೊತ್ತು. ನಿಮಗೆ ಎಲ್ಲಿ ತೊಡಕಾಗುತ್ತೆ ಅನ್ನೋದೇ ನಮಗೆ ಗೊತ್ತಿಲ್ಲ. ಪರೀಕ್ಷೆ ನಿಮಗಲ್ಲ ಅಕ್ಕ, ಆ್ಯಪ್‌ಗೆ. ಅದು ಫೇಲಾದ್ರೆ ಬೈಸ್ಕೊಳ್ಳೋರು ನಾವು."

ಇಸ್ತ್ರಿಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಬೈಲು ತೆಗೆದಳು. ಶುಕ್ರವಾರ ಒತ್ತಿದಳು. ಏಳು ಗಂಟೆ ಒತ್ತಿದಳು. ಪರದೆಯ ಮೇಲೆ ಹಸಿರು ಬಣ್ಣದ ರೈಟ್ ಗುರುತು ಮೂಡಿತು. ಮೊಬೈಲನ್ನು ಕಪಾಟಿನ ಮೇಲಿಟ್ಟು ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಳು.

ಬಂದವಳು ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಕೆಲಸ ಮುಗಿಯಿತು ಎಂದು ಹೇಗೆ ಗೊತ್ತಾಯಿತು ಎಂದು ಮಾತ್ರ ಕೇಳಿದಳು.

ಇದೇನು ಕೇಳುವ ಮಾತೇ ಅನ್ನುವಂತೆ ಇಸ್ತ್ರಿಯಕ್ಕ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಬಟ್ಟೆಯ ಗಂಟುಗಳು ಸಾಲಾಗಿದ್ದವು. ಕೆಲವು ಗಂಟುಗಳ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ರೈಟ್ ಗುರುತು.

"ರೈಟ್ ಹಾಕಿದ್ರೆ ಇಸ್ತ್ರಿ ಮುಗೀತು, ತಗೊಂಡು ಹೋಗಬಹುದು ಅಂತ. ಇಪ್ಪತ್ತು ವರ್ಷದಿಂದ ನಮ್ಮ ಅಂಗಡೀಲಿ ಇದೇ ಲೆಕ್ಕ. ಇದರಲ್ಲೂ ರೈಟ್ ಬಂತು. ಇನ್ನೇನು?"

ಬಂದವಳ ಪೆನ್ನು ಅಲ್ಲೇ ನಿಂತಿತು. ಆಮೇಲೆ ಮೊಬೈಲು ಇಸಿದುಕೊಂಡು ಪರದೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಕಾಣದಷ್ಟು ಕೆಳಗೆ, ಬೂದು ಬಣ್ಣದಲ್ಲಿ, 'ಕಳುಹಿಸಿ' ಎಂಬ ಗುಂಡಿ ಅಡಗಿ ಕೂತಿತ್ತು. ಆ್ಯಪ್ ಮಾಡಿದವರ ಲೆಕ್ಕದಲ್ಲಿ ರೈಟ್ ಗುರುತು ಅಂದರೆ ನೀವು ಹೊತ್ತು ಆರಿಸಿದಿರಿ ಎಂದಷ್ಟೇ. ಆ ಗುಂಡಿ ಒತ್ತುವ ತನಕ ಆಸ್ಪತ್ರೆಗೆ ಸುದ್ದಿಯೇ ಹೋಗುವುದಿಲ್ಲ. ಈ ವಾರ ತಾನು ಹೋದ ಏಳು ಮನೆಗಳಲ್ಲಿ ನಾಲ್ಕು ಮನೆಯವರು ಇಲ್ಲೇ ನಿಂತರು, ಯಾಕೆ ಎಂದು ಇವತ್ತು ತಿಳಿಯಿತು ಅಂದಳು.

"ತಪ್ಪು ನಿಮ್ಮದಲ್ಲ ಅಕ್ಕ, ನಮ್ಮದು. ನಮ್ಮ ಹತ್ರ ಇರೋ ಫಾರಂಗಳಲ್ಲೆಲ್ಲ 'ತುಂಬಾ ಚೆನ್ನಾಗಿದೆ' ಅಂತಲೇ ಇತ್ತು. ಅದನ್ನ ನಂಬಿ ಏನೂ ಬದಲಾಯಿಸದೆ ಕೂತಿದ್ವಿ."

ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ತನ್ನ ತಲೆ ಕೆಟ್ಟಿರಲಿಲ್ಲ. ಆದರೆ ಮರ್ಯಾದೆಗೆಂದು ಆಡಿದ ಒಂದು ಮಾತು, ನಾಚಿಕೆಗೆಂದು ಹೇಳಿದ ಒಂದು ಸುಳ್ಳು, ಎರಡೂ ಸೇರಿ ಗಂಡನನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಿದ್ದವು.

ಕುರ್ಚಿಯಲ್ಲಿದ್ದವನು ಕೆಮ್ಮಿದ. "ಮರೆತಿರಲಿಲ್ವಾ ನೀನು?"

"ಇಲ್ಲ."

"ಹೇಳಬಾರದಿತ್ತಾ ಮತ್ತೆ?"

"ಹೇಳಿದ್ರೆ ನಂಬ್ತಿದ್ರಾ?"

ಅವನು ತನ್ನ ಪಕ್ಕದ ಸ್ಟೂಲನ್ನು ಬಂದವಳ ಕಡೆ ಸರಿಸಿ, ಕೂತ್ಕೊಳ್ಳಮ್ಮ, ನಿಂತೇ ಎಷ್ಟು ಬರೀತೀಯ ಅಂದ.

ಆ ದಿನ ಗುಂಡಿ ಒತ್ತಿ, ಆಸ್ಪತ್ರೆಗೂ ಫೋನು ಮಾಡಿ ಗಾಡಿ ಗಟ್ಟಿ ಮಾಡಿಕೊಂಡರು. ಎರಡು ವಾರ ಕಳೆದ ಮೇಲೆ ಆ ನೋಟ್‌ಬುಕ್ಕಿನ ಹೆಂಗಸು ಮತ್ತೆ ಬಂದಳು. ಈ ಸಲ ಕೈಯಲ್ಲಿ ಹೊಸ ಆ್ಯಪಿನ ಪರದೆಗಳನ್ನು ಪೆನ್ಸಿಲಿನಲ್ಲಿ ಬರೆದ ಕಾಗದಗಳು. ಇನ್ನೂ ಮಾಡಿಲ್ಲ, ಮಾಡುವ ಮುಂಚೆ ನಿಮಗೆ ತೋರಿಸುತ್ತಿದ್ದೇವೆ ಅಂದಳು. ಇಸ್ತ್ರಿಯಕ್ಕ ಕಾಗದದ ಮೇಲೆಯೇ ಬೆರಳೊತ್ತಿ ನೋಡಿದಳು. ಅಕ್ಷರ ಸಣ್ಣದಾಯಿತು. ರೈಟ್ ಗುರುತು ಮೊದಲೇ ಬರಬಾರದು, ಕೊನೆಗೆ ಬರಬೇಕು. 'ಯಶಸ್ವಿಯಾಗಿದೆ' ಅಂದರೆ ಯಾರದ್ದು ಯಶಸ್ವಿ? ಗಾಡಿ ಬರುತ್ತದೋ ಇಲ್ಲವೋ ಅಷ್ಟು ಹೇಳಿದರೆ ಸಾಕು. ಒಂದೊಂದಾಗಿ ಹೇಳುತ್ತಲೇ ಹೋದಳು. ನೋಟ್‌ಬುಕ್ಕಿನ ಎರಡು ಪುಟ ತುಂಬಿತು.

"ಇಪ್ಪತ್ತೈದು ವರ್ಷ ನನ್ನಲ್ಲೇ ತಪ್ಪು ಹುಡುಕ್ತಿದ್ಳು. ಈಗ ನೀವು ಸಿಕ್ಕಿದ್ರಿ, ನಾನು ಬಚಾವು," ಅಂದ ಗಂಡ.

ಹೊಸ ಆ್ಯಪ್ ಬಂದ ಮೇಲೆ ಇಸ್ತ್ರಿಯಕ್ಕ ಮೊದಲ ಸಲ ಬುಕ್ ಮಾಡಿದಾಗ ರೈಟ್ ಗುರುತಿನ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ ಬಂತು: 'ಗಾಡಿ ಬುಕ್ ಆಗಿದೆ. ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಬಾಗಿಲಿಗೆ ಬರುತ್ತದೆ.' ಮರುದಿನ ಏಳಕ್ಕೆ ಐದು ನಿಮಿಷ ಇರುವಾಗಲೇ ಹಾರನ್ನು ಕೇಳಿಸಿತು. ಗಂಡನ ಅಂಗಿಯ ಎರಡು ಗುಂಡಿ ಇನ್ನೂ ಹಾಕಿರಲಿಲ್ಲ. ಹಾಕುತ್ತಾ ಹಾಕುತ್ತಾ ಹೊರಟ.

ಓದುವವರೇ, ನಿಮ್ಮ ಬಾಗಿಲಿಗೂ ಯಾರಾದರೂ ಹೀಗೆ ಬರಬಹುದು. ಚೆನ್ನಾಗಿದೆ ಎಂದು ಹೇಳಿ ಕಳಿಸಬೇಡಿ. ನಿಮ್ಮ ಮೊಬೈಲಿನಲ್ಲಿ, ನಿಮ್ಮ ಕೈಯಿಂದಲೇ ಮಾಡಿ ತೋರಿಸಿ. ಬೆರಳು ಎಲ್ಲಿ ನಿಂತಿತೋ ಅಲ್ಲೇ ಹೇಳಿ. ಒಟಿಪಿ, ಪಿನ್‌ನಂಥ ಗುಟ್ಟಿನ ಸಂಖ್ಯೆ ಮಾತ್ರ ಯಾರಿಗೂ ಹೇಳಬೇಡಿ. ಯಾರೂ ಬರದಿದ್ದರೆ ನೀವೇ ಆ್ಯಪ್‌ನವರಿಗೆ ಫೋನು ಮಾಡಿ ತಿಳಿಸಿ. ಆ್ಯಪ್ ಮಾಡುವವರಲ್ಲೂ ಒಂದು ಮಾತು: ಹೇಗಿದೆ ಎಂದು ಕೇಳಬೇಡಿ, ಹೇಗೆ ಮಾಡಬೇಕೆಂದು ಕಲಿಸಲೂ ಹೋಗಬೇಡಿ. ಸುಮ್ಮನೆ ಕೂತು ನೋಡಿ.

ನೀವು ನಾಚಿಕೊಂಡು ಮುಚ್ಚಿಟ್ಟ ತೊಡಕಿನಲ್ಲಿ ಇನ್ನೊಂದು ಮನೆಯವರೂ ಸಿಕ್ಕಿಬೀಳುತ್ತಾರೆ. ಆ ಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲೂ ಯಾರೋ ಅಂಗಿ ತೊಟ್ಟು ಕಾಯುತ್ತಿರುತ್ತಾರೆ.