ಕದ ತೆರೆದೇ ಇದೆ

"ನಿನ್ನ ಹಾಡು ಕೇಳ್ದೆ. ಅದಕ್ಕೇ ಬಂದೆ" ಎಂದು ಅವನು ಅವಳ ಅಂಗಡಿಯ ಸೋಫಾದ ಮೇಲೆ ಕೂತ. ರಿಪೇರಿಗೆಂದು ಬಟ್ಟೆ ಕಿತ್ತು ಸ್ಪ್ರಿಂಗ್ ಬಿಚ್ಚಿಟ್ಟಿದ್ದ ಸೋಫಾ ಅದು. ಕೂತವನು ಸೀದಾ ಕೆಳಗಿಳಿದ, ಮೊಣಕಾಲು ಎದೆಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅವಳು ನಗುತ್ತಿದ್ದಳು.

ಅವನು ಅವಳ ಗಂಡ. ಮೂರು ವರ್ಷದ ಹಿಂದೆ ಅವಳ ಎಡ ಮಣಿಕಟ್ಟು ಮುರಿದವನು. ಅದೇ ದಿನ ಉಳಿದೊಂದು ಕೈಯಿಂದ ಅವಳು ಅವನನ್ನು ಮನೆಯಾಚೆ ನೂಕಿ ಕದ ಹಾಕಿಕೊಂಡಿದ್ದಳು. ಮೂಳೆ ಕೂಡಿಕೊಂಡಿದೆ. ಆದರೆ ಸೋಫಾಗಳಿಗೆ ಬಟ್ಟೆ ಎಳೆದು ಬಿಗಿಯುವುದೇ ಅವಳ ಕಸುಬು, ಬಿಗಿಯುವಾಗಲೆಲ್ಲ ಇಂದಿಗೂ ಜೀವ ಹಿಂಡುತ್ತದೆ.

ಅವನು ಮೊಬೈಲಿನಲ್ಲಿ ಹಾಡು ಹಾಕಿದ. ಅವಳ ತಮ್ಮನ ದನಿ: "ಒಂದೇ ಕೈಲಿ ಕದ ಹಿಡಿದವಳು, ಕದ ತೆರೆದೇ ಇದೆ, ನೀ ಬಾ." ಆ ಒಂದೇ ಕೈಯವಳು ಯಾರೆಂದು ತನಗೆ ಗೊತ್ತಿಲ್ಲವೇ ಎಂದ. ಬಸ್ಸಿನಲ್ಲಿ ಕೇಳಿ ಅತ್ತುಬಿಟ್ಟನಂತೆ. ಅವಳು ಹೊರಗೆ ಹೋಗೆಂದಳು. ಮೇಲೆ ಮುನಿಸು, ಒಳಗೆ ಪ್ರೀತಿ ಅಂತ ಹಾಡಿನಲ್ಲೇ ಇದೆಯಲ್ಲ ಎಂದು ನಕ್ಕು, ನಾಳೆ ಬ್ಯಾಗು ತರುತ್ತೇನೆಂದು ಎದ್ದುಹೋದ. ಅವಳು ಬೇಡವೆಂದದ್ದಕ್ಕೂ ಬೆಲೆಯಿಲ್ಲದ ಹಾಗೆ ಮಾಡಿಟ್ಟಿತ್ತು ಆ ಹಾಡು.

ಅಂಗಡಿಯ ಹಿಂದಿನ ಕೋಣೆಯಲ್ಲೇ ತಮ್ಮನ ಬ್ಯಾಂಡಿನ ಅಭ್ಯಾಸ. ಗೋಡೆಗೊರಗಿಸಿದ ಫೋಮ್ ಹಾಳೆಗಳಿಂದಾಗಿ ಡ್ರಮ್ಮಿನ ಸದ್ದು ಬೀದಿಗೆ ಹೋಗುತ್ತಿರಲಿಲ್ಲ. ಈಗ ಊರಿನ ಹುಡುಗ ಹುಡುಗಿಯರ ಬಾಯಲ್ಲೆಲ್ಲ ಇರುವ ಹಾಡುಗಳನ್ನು ಮೊದಲು ಕೇಳಿದವಳು ಅವಳು. ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಎಲ್ಲಕ್ಕಿಂತ ಹಿಡಿಸಿದ್ದು ಇದೇ. "ಬಾ" ಎಂದು ಎಳೆದು ತಮ್ಮ ಸುಮ್ಮನಾದ ಮೇಲೆ ಗಿಟಾರೊಂದೇ ಉಳಿಯುತ್ತಿತ್ತು. ಅಲ್ಲಿ ಅವಳ ಕೈ ಕೆಲಸ ಮರೆಯುತ್ತಿತ್ತು. ಯಾರ ಕಥೆ ಇದು ಎಂದು ಕೇಳಿದ್ದಳು. ಯಾರದೂ ಅಲ್ಲ ಎಂದಿದ್ದ. ಅವಳೂ ನಂಬಿದ್ದಳು. ತಾನಂತೂ ಕಾದವಳಲ್ಲ, ಗಂಡನಿಗೆ ಕಾಯುವ ಹೆಂಗಸರಿಗೇನು ಬರವೇ?

ಮಧ್ಯಾಹ್ನ ತಮ್ಮ ಬಂದ ಕೂಡಲೇ ಹಿಡಿದು, ಅದು ನನ್ನದೇ ಕಥೆಯಲ್ಲವೇ ಎಂದು ಕೇಳಿದಳು. ಅವನು ತಲೆ ತಗ್ಗಿಸಲಿಲ್ಲ, ಅದೇ ಅವಳಿಗೆ ಉರಿ ಹತ್ತಿಸಿತು. ಹಾಡಿಗಾಗಿ ಸ್ವಲ್ಪ ತಿದ್ದಿಕೊಂಡೆ ಎಂದ.

"ನಿಜ ಹೇಳಿದ್ರೆ ಯಾರು ಕೇಳ್ತಾರೆ ಅಕ್ಕಾ? ಕದ ಹಾಕ್ಕೊಂಡ್ಲು ಅಂದ್ರೆ ಹಾಡು ಅಲ್ಲಿಗೇ ಮುಗೀತು."

"ಮುಗೀಲಿ. ಮುಗೀಲಿ ಅಂತಾನೇ ನಾನು ಹಾಕಿದ್ದು."

ಆ ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ದವನು ಇವನೇ. ಕಣ್ಣಾರೆ ಕಂಡವನು. ಗಂಡ ಮೂಳೆ ಮುರಿದ, ಒಡಹುಟ್ಟಿದವನು ಬಾಯಿ ಕಟ್ಟಿದ, ಅದೂ ರಾಗವಾಗಿ. ಹಾಡು ಕೆಟ್ಟದಾಗಿದ್ದರೆ ಉಗಿದು ಮರೆಯಬಹುದಿತ್ತು. ಹಾಳಾದ್ದು, ಚೆನ್ನಾಗಿತ್ತು. ಅದು ಅವಳ ಸಿಟ್ಟನ್ನು ಇಮ್ಮಡಿ ಮಾಡಿತು.

ಮರುದಿನ ಗಂಡ ಬ್ಯಾಗಿನೊಂದಿಗೆ ಬಂದಾಗ ಅವಳು ಕುರ್ಚಿಗೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದಳು. ಎರಡೂ ಕೈಗೆ ಕೆಲಸವಿದ್ದುದರಿಂದ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಹಿಡಿದಿದ್ದಳು. ನೀರು ಕುಡಿಯಲು ಹಿಂದಿನ ಕೋಣೆಯಿಂದ ಹೊರಬಂದ ತಮ್ಮನನ್ನು ಕಂಡು ಗಂಡ ಬ್ಯಾಗು ಕೆಳಗಿಟ್ಟು ಎರಡೂ ಕೈ ಚಾಚಿದ. ಎಂಥ ಹಾಡು ಬರೆದೆಯೋ, ನನ್ನ ಸಂಸಾರ ಉಳಿಸಿದೆ ಎಂದ.

ತಮ್ಮ ಅಕ್ಕನ ಕಡೆ ನೋಡಿದ. ಅವಳು ಮೊಳೆ ಉಗುಳಲಿಲ್ಲ. ಬಾಯಿ ಕಟ್ಟಿದವನೇ ಬಿಚ್ಚಲಿ ಎಂದು ಅವನನ್ನೇ ನೋಡುತ್ತ ನಿಂತಳು.

"ಅದು ಸುಳ್ಳು ಹಾಡು, ಭಾವ."

ಗಂಡ ನಕ್ಕ. ತಮಾಷೆ ಸಾಕು ಎಂದ.

"ಅಕ್ಕ ಯಾವತ್ತೂ ಕಾದಿಲ್ಲ. ನೀವು ಕೈ ಮುರಿದ್ರಿ, ಅವಳು ಆಚೆ ಹಾಕಿದ್ಲು. ನಡೆದಿದ್ದು ಅಷ್ಟೇ. ಬಾ ಅನ್ನೋದು ನಾನು ಸೇರಿಸಿದ್ದು."

ಹಾಡಿಗೆ ಕರಗಿದ್ದ ಗಂಡನ ಮುಖ ಗಟ್ಟಿಯಾಯಿತು. ಆ ಹಳೆಯ ಮುಖವನ್ನು ಅವಳು ತಕ್ಷಣ ಗುರುತಿಸಿದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ತಮ್ಮ ಅಡ್ಡ ನಿಂತ. ಹಿಂದಿನ ಕೋಣೆಯಲ್ಲಿ ಏನೂ ತಿಳಿಯದ ಡ್ರಮ್ಮರ್ ಅದೇ ಹಾಡಿನ ತಾಳ ಬಾರಿಸತೊಡಗಿದ್ದ.

ಅವಳು ತುಟಿಯಿಂದ ಒಂದು ಮೊಳೆ ತೆಗೆದು ಬಟ್ಟೆಗೆ ಒತ್ತಿ ಹಿಡಿದು, ಸುತ್ತಿಗೆ ಎತ್ತಿದಳು. ಗಂಡ ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿಯುವವರೆಗೂ ಅದನ್ನು ಇಳಿಸಲಿಲ್ಲ.